ದಿನಗಳ ಲೆಕ್ಕ ಬರೆದಿಟ್ಟವರು

ಹೋದ ತಿಂಗಳು ಮಗಳು ಬಂದು ನನ್ನ ಕೈಗೆ ಒಂದು ಗಡಿಯಾರವನ್ನು ಕಟ್ಟಿ ಹೋದಳು. ಗಡಿಯಾರವೆಂಬುದು ಹೆಸರಿಗೆ ಮಾತ್ರ. ನಾನು ಇಟ್ಟ ಹೆಜ್ಜೆ, ಎದೆಯ ಬಡಿತ, ಮಲಗಿದ ಹೊತ್ತು, ನಡುರಾತ್ರಿ ಎಚ್ಚರವಾದ ಹೊತ್ತು ಎಲ್ಲವನ್ನೂ ಅದು ಎಣಿಸಿ ಮೊಬೈಲಿಗೆ ತಿಳಿಸುತ್ತದೆ. ಮೊಬೈಲು ಅದನ್ನು ಅಂತರಜಾಲದ ಮೂಲಕ ಎಲ್ಲಿಗೋ ಸಾಗಿಸಿ, ಬಣ್ಣಬಣ್ಣದ ಕಂಬಗಳನ್ನಾಗಿ ಮಾಡಿ ನನ್ನ ಮುಂದೆ ನಿಲ್ಲಿಸುತ್ತದೆ. ಭಾನುವಾರ ಬಂದ ಮೊಮ್ಮಗಳು ಅದನ್ನು ತೆರೆದು ನೋಡಿ, "ಅಜ್ಜ, ಮಂಗಳವಾರ ನೀವು ನಡೆದೇ ಇಲ್ಲವಲ್ಲ! ಬರೀ 212 ಹೆಜ್ಜೆ" ಎಂದು ಆಕ್ಷೇಪಿಸಿದಳು.

ಆ ಮಂಗಳವಾರ ನಾನು ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಅಂತ್ಯಕ್ರಿಯೆಗೆ ಹೋಗಿದ್ದೆ. ನಿಮ್ಮಲ್ಲಿ ಅನೇಕರಿಗೆ ಅವರು ಗಣಿತ ಕಲಿಸಿದವರು. ಅವರ ಮನೆಯಿಂದ ಊರಾಚೆಯ ರುದ್ರಭೂಮಿಯವರೆಗೆ ಎಲ್ಲರೊಡನೆ ನಡೆದೆ. ಬರುವಾಗ ಯಾರೋ ಸ್ಕೂಟರಿನಲ್ಲಿ ಕರೆದರೂ ಹತ್ತಲಿಲ್ಲ, ನಡೆದೇ ಮನೆ ಸೇರಿದೆ. ಸಾವಿನ ಮನೆಗೆ ಹೋಗುವಾಗ ಇದೇಕೆ ಎಂದುಕೊಂಡು ಬೆಳಗ್ಗೆಯೇ ಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದೆ. ರಾತ್ರಿ ಮತ್ತೆ ಕಟ್ಟಿಕೊಂಡ ಮೇಲೆ ಮನೆಯೊಳಗೆ ಓಡಾಡಿದ್ದಷ್ಟೇ ಆ 212. ಇಡೀ ತಿಂಗಳಲ್ಲಿ ನಾನು ಅತಿ ಹೆಚ್ಚು ನಡೆದ ದಿನವು ಚಿತ್ರದಲ್ಲಿ ಅತಿ ಗಿಡ್ಡ ಕಂಬವಾಗಿ ನಿಂತುಬಿಟ್ಟಿದೆ.

ಮಗುವಿಗೆ ಏನು ಹೇಳುವುದು? ನಕ್ಕು ಸುಮ್ಮನಾದೆ. ಆದರೆ ಇತಿಹಾಸ ಪಾಠ ಮಾಡಿದವನ ಹಳೆಯ ಚಾಳಿ ಸುಲಭಕ್ಕೆ ಬಿಡುವುದಲ್ಲ. ಮನುಷ್ಯನಿಗೆ ತನ್ನ ದಿನಗಳನ್ನು ಎಣಿಸಿ ಬರೆದಿಡಬೇಕೆಂಬ ಹಂಬಲ ಯಾವಾಗ ಹುಟ್ಟಿತು, ಬರೆದದ್ದನ್ನು ಗೆರೆಯಾಗಿ ಕಂಬವಾಗಿ ನೋಡಬೇಕೆಂದು ಮೊದಲು ಯಾರಿಗೆ ತೋಚಿತು ಎಂದು ಹುಡುಕುತ್ತಾ ಹೋದೆ. ಸಿಕ್ಕದ್ದರಲ್ಲಿ ಕೆಲವನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಮೊದಲಿಗೆ ನೆನಪಾಗುವವನು ಇಟಲಿಯ ವೈದ್ಯ ಸ್ಯಾಂಟೋರಿಯೋ. 1561ರಲ್ಲಿ ಹುಟ್ಟಿ 1636ರಲ್ಲಿ ತೀರಿಕೊಂಡ ಈತ ಪಡುವಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ. ಒಂದು ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲೇ ಕುಳಿತು ಊಟ ಮಾಡಿ, ಉಂಡದ್ದು, ಕುಡಿದದ್ದು, ದೇಹದಿಂದ ಹೊರಹೋದದ್ದು ಎಲ್ಲವನ್ನೂ ತೂಗಿ ಲೆಕ್ಕ ಇಟ್ಟ. ಒಂದು ದಿನ ಎರಡು ದಿನವಲ್ಲ, ವರ್ಷಾನುಗಟ್ಟಲೆ. ಉಂಡ ತೂಕಕ್ಕೂ ಹೊರಹೋದ ತೂಕಕ್ಕೂ ತಾಳೆಯಾಗಲಿಲ್ಲ. ದಿನಕ್ಕೆ ಎಂಟು ಪೌಂಡು ಒಳಗೆ ಹೋದರೆ ಅದರಲ್ಲಿ ಐದು ಪೌಂಡಿನಷ್ಟು ಕಣ್ಣಿಗೆ ಕಾಣದೆಯೇ ಚರ್ಮದಿಂದಲೂ ಉಸಿರಿನಿಂದಲೂ ಹೋಗುತ್ತದೆ ಎಂದು ಆತ ತೀರ್ಮಾನಿಸಿದ. 1614ರಲ್ಲಿ ಪ್ರಕಟವಾದ ಆತನ ಗ್ರಂಥ ಯೂರೋಪಿನ ವೈದ್ಯರ ಕೈಯಲ್ಲಿ ಬಹುಕಾಲ ಓಡಾಡಿತು. ಆತನ ತೀರ್ಮಾನಗಳಲ್ಲಿ ಹಲವು ಇಂದು ನಿಲ್ಲುವುದಿಲ್ಲ. ಆದರೂ ತನ್ನ ಮೈಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು, ದಿನದಿನವೂ ಅಂಕಿ ಬರೆದವರ ಸಾಲಿನಲ್ಲಿ ಆತನಿಗೆ ಮುಂದಿನ ಮಣೆ. ಊಟದ ಹೊತ್ತಿನಲ್ಲಿ ತಕ್ಕಡಿಯಲ್ಲಿ ತೂಗಾಡುವ ಗಂಡನನ್ನು ಕಂಡರೆ ನಮ್ಮ ಮನೆಗಳಲ್ಲಿ ಏನೆನ್ನುತ್ತಿದ್ದರೋ ಎಂದು ನನಗೆ ನಗು ಬಂತು. ಸ್ಯಾಂಟೋರಿಯೋ ಮದುವೆಯಾಗಿರಲಿಲ್ಲವಂತೆ.

ದೇಹವನ್ನು ತೂಗಿದವನು ಅವನಾದರೆ ನಡತೆಯನ್ನು ತೂಗಿದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಮಿತಾಹಾರ, ಮೌನ, ಶಿಸ್ತು, ವಿನಯ ಮುಂತಾದ ಹದಿಮೂರು ಗುಣಗಳನ್ನು ಆರಿಸಿಕೊಂಡು, ಸಣ್ಣ ಪುಸ್ತಕವೊಂದರಲ್ಲಿ ಒಂದೊಂದಕ್ಕೂ ಒಂದೊಂದು ಪುಟ ಮೀಸಲಿಟ್ಟ. ಪುಟದ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ವಾರದ ಏಳು ದಿನಗಳಿಗೆ ಏಳು ಕಂಬಸಾಲು, ಅಡ್ಡಕ್ಕೆ ಹದಿಮೂರು ಸಾಲು. ತಪ್ಪಿದ ದಿನ ತಪ್ಪಿದ ಗುಣದ ಎದುರಿಗೆ ಒಂದು ಕಪ್ಪು ಚುಕ್ಕಿ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನವಿಟ್ಟರೆ ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಸಂಜೆ ಪುಟ ನೋಡಿದರೆ ಸಾಕು, ಚುಕ್ಕಿಗಳು ಎಲ್ಲಿ ದಟ್ಟವಾಗಿವೆ ಎಂಬುದು ಓದದೆಯೇ ತಿಳಿಯುತ್ತದೆ. ಚುಕ್ಕಿ ಅಳಿಸಿ ಮತ್ತೆ ಹಾಕಿ ಕಾಗದವೆಲ್ಲ ತೂತಾದಾಗ ಆತ ದಂತದ ಹಾಳೆಗಳ ಪುಸ್ತಕಕ್ಕೆ ಮೊರೆಹೋದ. ಅದರ ಮೇಲೆ ಗೆರೆಗಳು ಶಾಶ್ವತ, ಸೀಸದ ಕಡ್ಡಿಯಿಂದ ಹಾಕಿದ ಚುಕ್ಕಿಗಳು ಮಾತ್ರ ಒದ್ದೆ ಸ್ಪಂಜಿನಿಂದ ಒರಸಿದರೆ ಮಾಯ. ಕೊನೆಯವರೆಗೂ ತನಗೆ ಕಾಟ ಕೊಟ್ಟದ್ದು ಶಿಸ್ತೆಂಬ ಗುಣವೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ಇದನ್ನು ಓದುವಾಗ ನನಗೆ ನಮ್ಮ ಕಡತ ನೆನಪಾಯಿತು. ಈಗಿನ ಕಚೇರಿಯ ಕಡತವಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಹಳೆಯ ಕಡತ. ಶಾನುಭೋಗರೂ ವರ್ತಕರೂ ಮಠಗಳೂ ಅದರಲ್ಲೇ ಲೆಕ್ಕ ಇಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕಾರರಿಗೆ ಅಮೂಲ್ಯ ಆಕರ. ಅದರಲ್ಲೂ ಬೇಡವಾದದ್ದನ್ನು ಒರಸಿ ಮತ್ತೆ ಬರೆಯಬಹುದಿತ್ತು. ಒರಸಿಹೋದ ಮನೆಲೆಕ್ಕಗಳು ಎಷ್ಟೋ!

ನಮ್ಮ ದೇಶದಲ್ಲಿ ದಿನದ ಲೆಕ್ಕವೆಂದರೆ ಗಾಂಧೀಜಿಯವರನ್ನು ನೆನೆಯದಿರಲಾಗದು. 1888ರಲ್ಲಿ ಲಂಡನ್ನಿಗೆ ಓದಲು ಹೋದ ಅವರು ಬಸ್ಸಿನ ದರ, ಅಂಚೆಯ ಖರ್ಚು, ಪತ್ರಿಕೆಗೆ ಕೊಟ್ಟ ಪುಡಿಗಾಸನ್ನೂ ಬಿಡದೆ ಬರೆದಿಟ್ಟು, ರಾತ್ರಿ ಮಲಗುವ ಮುನ್ನ ಕೂಡಿ ಕಳೆದು ಸರಿನೋಡುತ್ತಿದ್ದರು. ಮುಂದೆ ಸಾರ್ವಜನಿಕ ಹಣವನ್ನು ಕೈಯಾಡಿಸುವಾಗ ಈ ಅಭ್ಯಾಸವೇ ತಮ್ಮನ್ನು ಕಾಪಾಡಿತೆಂದು ಆತ್ಮಕಥೆಯಲ್ಲಿ ಹೇಳಿದ್ದಾರೆ.

ಇವರೆಲ್ಲ ಎಣಿಸಿದವರು. ಎಣಿಸಿದ್ದನ್ನು ಗೆರೆಯಾಗಿ ಎಳೆದವರ ಕಥೆ ಇನ್ನೂ ಸ್ವಾರಸ್ಯವಾಗಿದೆ, ಅದರಲ್ಲಿ ಮೊದಲನೆಯವನು ಒಬ್ಬ ಮೇಷ್ಟರು. ಆಮ್ಲಜನಕದ ಹೆಸರಿನೊಡನೆ ನೀವು ವಿಜ್ಞಾನದಲ್ಲಿ ಓದಿದ ಜೋಸೆಫ್ ಪ್ರೀಸ್ಟ್ಲಿ, ಅದಕ್ಕೆ ಮುಂಚೆ ಇಂಗ್ಲೆಂಡಿನ ವಾರಿಂಗ್ಟನ್ ಎಂಬಲ್ಲಿ ಪಾಠ ಹೇಳುತ್ತಿದ್ದ. ವಿದ್ಯಾರ್ಥಿಗಳಿಗೆ ಯಾರು ಯಾರ ಸಮಕಾಲೀನರೆಂದು ಒಂದೇ ನೋಟಕ್ಕೆ ತಿಳಿಯಲೆಂದು 1765ರಲ್ಲಿ ಆತ ಒಂದು ನಕ್ಷೆಯನ್ನು ಪ್ರಕಟಿಸಿದ. ಸುಮಾರು ಎರಡು ಸಾವಿರ ಪ್ರಸಿದ್ಧ ವ್ಯಕ್ತಿಗಳು; ಒಬ್ಬೊಬ್ಬರ ಆಯುಷ್ಯವೂ ಒಂದೊಂದು ಅಡ್ಡಗೆರೆ. ಎಂಟನೆಯ ತರಗತಿಯಲ್ಲಿ ನಾನು ನಿಮ್ಮಿಂದ ಗೋಡೆಯುದ್ದಕ್ಕೂ ಬರೆಸುತ್ತಿದ್ದ ಕಾಲರೇಖೆಯ ಮುತ್ತಾತ ಅದೇ. ಆದರೆ ಪ್ರೀಸ್ಟ್ಲಿ ಒಂದು ಕೆಲಸ ಮಾಡಿದ್ದ, ಅದನ್ನು ನಾನು ಮಾಡಲಿಲ್ಲ. ಯಾರ ಹುಟ್ಟಿನ ಅಥವಾ ಸಾವಿನ ವರ್ಷ ಖಚಿತವಿರಲಿಲ್ಲವೋ ಅವರ ಗೆರೆಯ ತುದಿಯಲ್ಲಿ ಆತ ಚುಕ್ಕಿಗಳನ್ನಿಟ್ಟ. ನಾನು ಕದಂಬರ ಮಯೂರಶರ್ಮನಿಗೂ ದಪ್ಪ ಗೆರೆಯನ್ನೇ ಎಳೆಸಿದೆ, ಅವನ ವರ್ಷಗಳನ್ನು ಕುರಿತು ವಿದ್ವಾಂಸರೇ ಒಮ್ಮತಕ್ಕೆ ಬಂದಿಲ್ಲವೆಂದು ಗೊತ್ತಿದ್ದೂ. ಪರೀಕ್ಷೆಗೆ ಚುಕ್ಕಿ ಬೇಡವಾಗಿತ್ತು.

ಇನ್ನೊಬ್ಬ ವಿಲಿಯಂ ಪ್ಲೇಫೇರ್. 1759ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ಇಂದು ಪತ್ರಿಕೆಯಲ್ಲಿ, ಮೊಬೈಲಿನಲ್ಲಿ, ಬ್ಯಾಂಕಿನ ಗೋಡೆಯ ಮೇಲೆ ನಾವು ಕಾಣುವ ಗೆರೆನಕ್ಷೆ, ಕಂಬನಕ್ಷೆ, ವೃತ್ತನಕ್ಷೆಗಳನ್ನೆಲ್ಲ ಬಳಕೆಗೆ ತಂದ ಪುಣ್ಯಾತ್ಮ. ಹುಡುಗನಾಗಿದ್ದಾಗಲೇ ತಂದೆ ತೀರಿಹೋದ. ಮುಂದೆ ಗಣಿತಜ್ಞನೆಂದು ಹೆಸರಾದ ಅಣ್ಣ ಜಾನ್ ಅವನನ್ನು ಓದಿಸಿದ. ಅಣ್ಣ ಕೊಟ್ಟ ಪಾಠಗಳಲ್ಲಿ ಒಂದು ಇದು: ಉಷ್ಣಮಾಪಕದ ಅಂಕಿಯನ್ನು ನೋಡಿ ಬರೆದಿಟ್ಟು, ಏರಿಳಿತವನ್ನು ಅಳತೆಪಟ್ಟಿಯ ಮೇಲೆ ಗೆರೆಗಳಾಗಿ ತೋರಿಸುವುದು. ತನ್ನ ನಕ್ಷೆಗಳ ಮೂಲ ಅಲ್ಲಿದೆ ಎಂದು ಪ್ಲೇಫೇರ್ ದೊಡ್ಡವನಾದ ಮೇಲೆ ಕೃತಜ್ಞತೆಯಿಂದ ಬರೆದಿದ್ದಾನೆ. ನನಗೆ ಇದನ್ನು ಓದಿ ಬಹಳ ಸಂತೋಷವಾಯಿತು. ಪ್ರಪಂಚದ ವಾಣಿಜ್ಯವನ್ನೆಲ್ಲ ಅಳೆಯುವ ಆ ಗೆರೆ ಯಾವುದೋ ಖಜಾನೆಯಲ್ಲಿ ಹುಟ್ಟಲಿಲ್ಲ. ತಂದೆಯಿಲ್ಲದ ಹುಡುಗನೊಬ್ಬ ಮನೆಯಲ್ಲಿ ಕುಳಿತು ಮಾಡಿದ ದಿನಚರಿಯಿಂದ ಹುಟ್ಟಿತು.

1786ರಲ್ಲಿ ಪ್ಲೇಫೇರ್ ಪ್ರಕಟಿಸಿದ ಭೂಪಟವಿಲ್ಲದ ಆ 'ಅಟ್ಲಾಸ್'ನಲ್ಲಿ ನಲವತ್ತಕ್ಕೂ ಹೆಚ್ಚು ನಕ್ಷೆಗಳಿವೆ, ಬಹುತೇಕ ಎಲ್ಲವೂ ವರ್ಷದಿಂದ ವರ್ಷಕ್ಕೆ ಸಾಗುವ ಗೆರೆಗಳು. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಬಂದಾಗ ಮಾತ್ರ ಆತನಿಗೆ ತೊಡಕಾಯಿತು. ಹಲವು ವರ್ಷಗಳ ಅಂಕಿ ಸಿಗಲಿಲ್ಲ, ಕೈಯಲ್ಲಿದ್ದದ್ದು 1781ಕ್ಕೆ ಕೊನೆಗೊಂಡ ಒಂದೇ ವರ್ಷದ್ದು. ಒಂದು ವರ್ಷದಿಂದ ಗೆರೆ ಎಳೆಯುವುದು ಹೇಗೆ? ಒಂದೊಂದು ದೇಶದೊಡನೆ ನಡೆದ ಆಮದು ರಫ್ತಿಗೆ ಒಂದೊಂದು ಕಂಬ ಹಾಕಿ ಕೈತೊಳೆದುಕೊಂಡ, ಇದು ಉಳಿದವುಗಳಷ್ಟು ಉಪಯುಕ್ತವಲ್ಲವೆಂದು ಕ್ಷಮೆಯನ್ನೂ ಕೋರಿದ. ಇಂದು ನನ್ನ ಕೈಗಡಿಯಾರ ತೋರಿಸುವ ಕಂಬನಕ್ಷೆಯ ಹುಟ್ಟು ಹೀಗಾಯಿತು. ಅಂಕಿ ಇಲ್ಲದ ಕಡೆ 'ಇಲ್ಲ' ಎಂದು ಒಪ್ಪಿಕೊಂಡದ್ದರಿಂದ ಹುಟ್ಟಿದ ಕಂಬವೇ ಈಗ ಇಲ್ಲದ ಅಂಕಿಯನ್ನು 212 ಎಂದು ಸಾರುತ್ತಿದೆ!

ಹತ್ತು ಸಾವಿರ ಹೆಜ್ಜೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಪ್ರಾಯದ ನೆಂಟರು ಅನೇಕರು ಅದನ್ನು ವೈದ್ಯಶಾಸ್ತ್ರದ ಆಜ್ಞೆಯೆಂದು ನಂಬಿ ಮೊಣಕಾಲು ನೋಯಿಸಿಕೊಳ್ಳುತ್ತಿದ್ದಾರೆ. 1965ರಲ್ಲಿ ಜಪಾನಿನಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದು ಮಾರುಕಟ್ಟೆಗೆ ಬಂತು. ಅದರ ಹೆಸರು 'ಮಾನ್ಪೊಕೆಯಿ', ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ನೆನಪಿಡಲು ಸುಲಭವಾದ ದುಂಡು ಸಂಖ್ಯೆ, ಮಾರಾಟಕ್ಕೆ ಒಳ್ಳೆಯ ಹೆಸರು. ಅಲ್ಲಿಂದ ಅದು ಲೋಕದ ಗಡಿಯಾರಗಳನ್ನೆಲ್ಲ ಸೇರಿತು. ಸರಾಸರಿ 72 ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಅಮೆರಿಕದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ಇಟ್ಟವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಅತ್ತಿಗೆಯವರೇ, ರಾತ್ರಿ ಹನ್ನೊಂದಕ್ಕೆ ಜಗಲಿಯ ಮೇಲೆ ಸುತ್ತು ಹಾಕುವುದನ್ನು ದಯವಿಟ್ಟು ನಿಲ್ಲಿಸಿ.

ಇಪ್ಪತ್ತನೆಯ ಶತಮಾನದಲ್ಲಿ ಈ ಹಂಬಲ ಕೆಲವರಲ್ಲಿ ಗೀಳಿನ ಮಟ್ಟ ಮುಟ್ಟಿತು. ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್ ತನ್ನ ಬದುಕಿನ ಪತ್ರ, ಚೀಟಿ, ಬಿಲ್ಲು ಎಲ್ಲವನ್ನೂ ಕಾಲಾನುಕ್ರಮದಲ್ಲಿ ಕೂಡಿಟ್ಟ. ಅದೆಲ್ಲ ಈಗ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದೆ. ಆದರೆ ನನ್ನನ್ನು ಕಾಡಿದವನು ರಾಬರ್ಟ್ ಶೀಲ್ಡ್ಸ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಡೇಟನ್ ಎಂಬ ಸಣ್ಣ ಊರಿನವನು, ಪಾದ್ರಿಯಾಗಿದ್ದವನು, ನಮ್ಮ ಹಾಗೆಯೇ ಹೈಸ್ಕೂಲು ಮೇಷ್ಟರು. 1972ರಿಂದ 1997ರವರೆಗೆ ತನ್ನ ಜೀವನದ ಪ್ರತಿ ಐದು ನಿಮಿಷವನ್ನೂ ಬೆರಳಚ್ಚು ಯಂತ್ರದಲ್ಲಿ ದಾಖಲಿಸಿದ. ಕನಸನ್ನೂ ಬಿಡಬಾರದೆಂದು ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಮಲಗುತ್ತಿರಲಿಲ್ಲವಂತೆ. 1997ರಲ್ಲಿ ಪಾರ್ಶ್ವವಾಯು ಬಡಿದು ಕೈ ನಿಂತಿತು. ಆ ಹೊತ್ತಿಗೆ ದಿನಚರಿ ಸುಮಾರು 3 ಕೋಟಿ 75 ಲಕ್ಷ ಪದಗಳಷ್ಟಾಗಿತ್ತೆಂದು ಅಂದಾಜು. ಆತ ಅದನ್ನು ವಿಶ್ವವಿದ್ಯಾಲಯವೊಂದಕ್ಕೆ ಕೊಟ್ಟ, ತನ್ನ ಮರಣದ ನಂತರ ಐವತ್ತು ವರ್ಷ ಯಾರೂ ಓದಕೂಡದೆಂಬ ಷರತ್ತಿನೊಡನೆ. ಆತ ತೀರಿಕೊಂಡದ್ದು 2007ರಲ್ಲಿ. ಹಾಗಾದರೆ ಅದನ್ನು 2057ರಲ್ಲಿ ತೆರೆಯಬೇಕು. ಬದುಕಿನ ಎಷ್ಟು ಐದು ನಿಮಿಷಗಳು 'ಈಗ ಬರೆಯುತ್ತಿದ್ದೇನೆ' ಎಂದು ಬರೆಯುವುದರಲ್ಲೇ ಕಳೆದಿದ್ದವೋ ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಶೀಲ್ಡ್ಸ್ ತೀರಿಕೊಂಡ ಅದೇ 2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ಯಾರಿ ವುಲ್ಫ್, ಕೆವಿನ್ ಕೆಲ್ಲಿ ಎಂಬಿಬ್ಬರು ಪತ್ರಕರ್ತರು, ತಮ್ಮನ್ನು ತಾವೇ ಅಂಕಿಗಳಿಂದ ಅರಿಯಬಯಸುವವರನ್ನು ಒಟ್ಟುಗೂಡಿಸಿ ಅದಕ್ಕೆ 'ಕ್ವಾಂಟಿಫೈಡ್ ಸೆಲ್ಫ್' ಎಂದು ಹೆಸರಿಟ್ಟರು. 'ಎಣಿಸಿದ ನಾನು' ಎನ್ನಬಹುದೇನೋ. ಅದಕ್ಕೂ ಮೊದಲೇ ನ್ಯೂಯಾರ್ಕಿನ ನಿಕೋಲಸ್ ಫೆಲ್ಟನ್ ಎಂಬ ಚಿತ್ರವಿನ್ಯಾಸಕ 2005ರಿಂದ ಪ್ರತಿವರ್ಷ ತನ್ನ ಬದುಕಿಗೊಂದು ವಾರ್ಷಿಕ ವರದಿ ಅಚ್ಚುಹಾಕಿಸತೊಡಗಿದ್ದ. ಕಂಪನಿಗಳು ಷೇರುದಾರರಿಗೆ ಕೊಡುವಂಥದ್ದೇ ಅಂದವಾದ ವರದಿ. ಒಳಗೆ ಮಾತ್ರ ಎಷ್ಟು ಊರು ತಿರುಗಿದೆ, ಏನು ಕುಡಿದೆ, ಯಾವ ಹಾಡು ಕೇಳಿದೆ ಎಂಬ ಲೆಕ್ಕ, ನಕ್ಷೆ, ಕಂಬ. ಜನ ಮರುಳಾದರು. ನಮಗೂ ಹೀಗೆ ಬೇಕೆಂದು ಕೇಳುವವರಿಗಾಗಿ 2008ರಲ್ಲಿ ಆತ ರಯಾನ್ ಕೇಸ್ ಎಂಬ ಜೊತೆಗಾರನೊಡನೆ 'ಡೇಟಮ್' ಎಂಬ ತಾಣವನ್ನು ಕಟ್ಟಿದ. ಕುಡಿದ ಕಾಫಿಯೋ ಓದಿದ ಪುಟವೋ ಓಡಿದ ಮೈಲಿಯೋ, ಬೇಕಾದ್ದನ್ನು ಆರಿಸಿಕೊಂಡು ಸಂಖ್ಯೆ ತುಂಬಿದರೆ ಸಾಕು, ಮೊತ್ತ, ಸರಾಸರಿ, ಕಂಬ, ವೃತ್ತ ತಾನಾಗಿ ಮೂಡುತ್ತಿದ್ದವು. ಫ್ರಾಂಕ್ಲಿನ್ನನ ಕೆಂಪುಗೆರೆಯ ಪುಸ್ತಕ ಎಲ್ಲರಿಗೂ ದೊರೆತಂತಾಯಿತು. ಒಂದೇ ವ್ಯತ್ಯಾಸ: ಪುಸ್ತಕ ಜೇಬಿನಲ್ಲಿರಲಿಲ್ಲ.

ಆ ವ್ಯತ್ಯಾಸ ಸಣ್ಣದಲ್ಲವೆಂದು ನನ್ನ ಅಭಿಪ್ರಾಯ. 2011ರಲ್ಲಿ ಫೆಲ್ಟನ್ ಫೇಸ್‌ಬುಕ್ ಕಂಪನಿಯನ್ನು ಸೇರಿದ, ಅದೇ ವರ್ಷ ಅದು ಹೊರತಂದ 'ಟೈಮ್‌ಲೈನ್' ಎಂಬ ವಿನ್ಯಾಸದಲ್ಲಿ ಆತನ ಕೈಯಿತ್ತು. ಪ್ರೀಸ್ಟ್ಲಿಯ ಗೆರೆ ಈಗ ಪ್ರಸಿದ್ಧರಿಗೆ ಮಾತ್ರವಲ್ಲ, ಕೋಟ್ಯಂತರ ಸಾಮಾನ್ಯರಿಗೂ ದೊರೆಯಿತು, ಆದರೆ ಗೆರೆಯ ಒಡೆತನ ಕಂಪನಿಯದು. ಗೂಗಲ್ 2008ರಲ್ಲಿ ತೆರೆದ ಆರೋಗ್ಯ ದಾಖಲೆಯ ತಾಣ 2012ರ ಆರಂಭದಲ್ಲೇ ಮುಚ್ಚಿತು. ಫಿನ್ಲೆಂಡಿನವರು ಮಾಡಿದ, ದಿನದ ಓಡಾಟವನ್ನು ತಾನೇ ಗುರುತಿಸಿಕೊಳ್ಳುತ್ತಿದ್ದ 'ಮೂವ್ಸ್' ಎಂಬುದನ್ನು ಫೇಸ್‌ಬುಕ್ 2014ರಲ್ಲಿ ಕೊಂಡು 2018ರಲ್ಲಿ ನಿಲ್ಲಿಸಿತು. ಅದೇ 2018ರ ಜನವರಿಯಲ್ಲಿ ಇನ್ನೊಂದು ಪ್ರಸಂಗ. ಓಡುವವರೂ ಸೈಕಲ್ ತುಳಿಯುವವರೂ ಬಳಸುವ 'ಸ್ಟ್ರಾವಾ' ಎಂಬ ಸಂಸ್ಥೆ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಹೆಸರಿಲ್ಲದೆ ಸೇರಿಸಿ ಹೊಳೆಯುವ ಭೂಪಟವೊಂದನ್ನು ಪ್ರಕಟಿಸಿತ್ತು. ಆಫ್ಘಾನಿಸ್ತಾನ, ಸಿರಿಯಾಗಳ ಕತ್ತಲೆಯ ಮರುಭೂಮಿಯ ನಡುವೆ ಸಣ್ಣ ಸಣ್ಣ ಚೌಕಗಳು ಫಳಫಳ ಹೊಳೆಯುತ್ತಿರುವುದನ್ನು ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಗಮನಿಸಿದ. ಅವು ಸೈನಿಕ ಶಿಬಿರಗಳು! ಬೆಳಗಿನ ವ್ಯಾಯಾಮಕ್ಕೆ ಬೇಲಿಯ ಒಳಬದಿಯಲ್ಲಿ ಸುತ್ತು ಹಾಕಿದ ಯೋಧರ ಹೆಜ್ಜೆಗಳೇ ಶಿಬಿರದ ಎಲ್ಲೆಯನ್ನು ಬರೆದುಕೊಟ್ಟಿದ್ದವು.

ಫೆಲ್ಟನ್ನನ ವರದಿಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು 2010ರದು. ಅದು ಅವನ ಬದುಕಿನದಲ್ಲ. ಆ ವರ್ಷ ಅವನ ತಂದೆ ತೀರಿಕೊಂಡರು. ತಂದೆ ಬಿಟ್ಟುಹೋದ ಕ್ಯಾಲೆಂಡರು, ಸ್ಲೈಡು, ಅಂಚೆಕಾರ್ಡುಗಳಂಥ ಸಾವಿರಾರು ಕಾಗದ ಪತ್ರಗಳನ್ನು ಮಗ ಒಂದೊಂದಾಗಿ ಓದಿ, ಪೆಟ್ಟಿಗೆಯಲ್ಲಿದ್ದ ಆ ಬದುಕನ್ನು ನಕ್ಷೆಗಳಲ್ಲಿ ಬಿಡಿಸಿಟ್ಟ. ತಂದೆ ಯಾವ ಗಡಿಯಾರವನ್ನೂ ಕಟ್ಟಿಕೊಂಡಿರಲಿಲ್ಲ, ಯಾವ ತಾಣಕ್ಕೂ ಏನನ್ನೂ ತುಂಬಿರಲಿಲ್ಲ. ತಾನು ದಾಖಲೆ ಬಿಡುತ್ತಿದ್ದೇನೆಂಬ ಎಣಿಕೆಯೂ ಬಹುಶಃ ಅವರಿಗಿರಲಿಲ್ಲ.

ಇದನ್ನು ಓದಿದ್ದು ಕಳೆದ ವರ್ಷ. ಈ ಬೇಸಿಗೆಯಲ್ಲಿ ನಾನೂ ಒಂದು ಪೆಟ್ಟಿಗೆ ತೆರೆದೆ.

ನನ್ನ ಶ್ರೀಮತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅಡುಗೆಮನೆಯ ಗೋಡೆಯಲ್ಲಿ ಪ್ರತಿವರ್ಷ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ತೂಗುತ್ತಿದ್ದದ್ದು ಮನೆಗೆ ಬಂದುಹೋದವರಿಗೆಲ್ಲ ಗೊತ್ತು. ಆಕೆ ಅದರಲ್ಲೇ ಹಾಲಿನ ಲೆಕ್ಕ ಬರೆಯುತ್ತಿದ್ದಳು. ವರ್ಷ ಮುಗಿದ ಮೇಲೆ ಅದನ್ನು ಎಸೆಯದೆ ಸುತ್ತಿ ಟ್ರಂಕಿನಲ್ಲಿ ಇಡುತ್ತಿದ್ದಳೆಂಬುದು ನನಗೆ ತಿಳಿದಿರಲಿಲ್ಲ. 1988ರಿಂದ 2016ರವರೆಗೆ ಇಪ್ಪತ್ತೇಳು ಕ್ಯಾಲೆಂಡರುಗಳು ಸಿಕ್ಕವು. 1998 ಮತ್ತು 2001 ಇಲ್ಲ. ಅವು ಮಕ್ಕಳ ಪಠ್ಯಪುಸ್ತಕಗಳಿಗೆ ಹೊದಿಕೆಯಾಗಿರಬೇಕು. 2016ರ ಕೊನೆಗೆ ಹಾಲಿನವನು ಹಸು ಮಾರಿದ, ನಾನು ಪ್ಯಾಕೆಟ್ ತರತೊಡಗಿದೆ, ಲೆಕ್ಕ ನಿಂತಿತು.

ರಜೆಗೆ ಬಂದಿದ್ದ ಮೊಮ್ಮಗಳಿಗೆ ತೋರಿಸಿದೆ. ಅವಳಿಗೆ ಶಾಲೆಯಲ್ಲಿ ಕಂಪ್ಯೂಟರಿನ ಲೆಕ್ಕದ ಹಾಳೆಯನ್ನು ಕಲಿಸಿದ್ದಾರೆ. ನಾನು ಓದಿ ಹೇಳುವುದು, ಅವಳು ತುಂಬುವುದು, ಹೀಗೆ ದಿನಕ್ಕೊಂದು ವರ್ಷದಂತೆ ಸಾಗಿದೆವು. ಅಂತರಜಾಲದ ಹಾಳೆಯಾದ್ದರಿಂದ ಪುಣೆಯಲ್ಲಿರುವ ಮಗನೂ ತನ್ನ ಮನೆಯಲ್ಲೇ ಕುಳಿತು ನೋಡುತ್ತಿದ್ದ. ನಾನು ಇಷ್ಟು ಹೊತ್ತು ಬೈದ ಸಲಕರಣೆಗೆ ಆ ಉಪಕಾರವನ್ನು ಸಲ್ಲಿಸಲೇಬೇಕು. 1993ರ ಒಂದು ಸಾಲಿನಲ್ಲಿ ನಾನು '½' ಎಂದು ಓದಿದ್ದನ್ನು ಆತ ಚಿತ್ರ ನೋಡಿ '1½' ಎಂದು ತಿದ್ದಿದ. ಅದು ಅವನೇ ಹುಟ್ಟಿದ ವಾರ.

ಕೊನೆಗೆ ಅವಳು ಒಂದು ಗುಂಡಿ ಒತ್ತಿದಳು, ಗೆರೆ ಮೂಡಿತು. ಅರ್ಧ ಲೀಟರಿನಿಂದ ಹೊರಟು, 1989ರಲ್ಲಿ ಮಗಳು ಹುಟ್ಟಿದಾಗ ಒಂದಕ್ಕೇರಿ, ಮಗ ಹುಟ್ಟಿದಾಗ ಒಂದೂವರೆಯಾಗಿ, ನನ್ನ ತಾಯಿ ನಮ್ಮೊಡನೆ ಇರಲು ಬಂದ ಮೇಲೆ ಎರಡಾಗಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, 2011ರಲ್ಲಿ ಮಗಳ ಮದುವೆಯ ವಾರ ಒಂದೇ ಒಂದು ಎತ್ತರದ ಮುಳ್ಳಾಗಿ ಚಿಮ್ಮಿ, ಮತ್ತೆ ಅರ್ಧ ಲೀಟರಿಗೆ ಬಂದು ನಿಂತಿದೆ. ಮಗಳು ಬಂದು ನೋಡಿದವಳು ಮಾತನಾಡದೆ ಅಡುಗೆಮನೆಗೆ ಹೋದಳು.

1999ರ ಶ್ರಾವಣದಲ್ಲಿ ಇಪ್ಪತ್ತಮೂರು ದಿನ ಖಾಲಿಯಿದೆ. "ಅಜ್ಜ, ಸೊನ್ನೆ ಹಾಕಲೇ?" ಎಂದು ಮೊಮ್ಮಗಳು ಕೇಳಿದಳು. ಬೇಡವೆಂದೆ. ಆ ದಿನಗಳಲ್ಲಿ ಆಕೆ ತಾಯಿಯ ಆರೈಕೆಗೆ ತವರಿಗೆ ಹೋಗಿದ್ದಳು. ಹಾಲು ಬರುತ್ತಲೇ ಇತ್ತು, ನಾವು ಕುಡಿಯುತ್ತಲೇ ಇದ್ದೆವು. ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಒಂದು ದಿನವೂ ತಪ್ಪದೆ ಹಾಜರಿ ಹಾಕಿದವನಿಗೆ ಮನೆಯ ಗೋಡೆಯ ಮೇಲೆ ಒಂದು ಅಂಕಿ ಬರೆಯಬೇಕೆಂದು ತೋಚಲಿಲ್ಲ. ಅಲ್ಲಿ ಪ್ರೀಸ್ಟ್ಲಿಯಂತೆ ಚುಕ್ಕಿಗಳನ್ನು ಇಡಿಸಿದೆ. ಹೋದ ವಾರ ಗಡಿಯಾರದ ಮಂಗಳವಾರಕ್ಕೂ ಹಾಗೆ ಮಾಡಲು ಸಾಧ್ಯವೇ ಎಂದು ಅವಳು ಹುಡುಕಿದಳು. ಸಾಧ್ಯವಿಲ್ಲವಂತೆ, ಅದರಲ್ಲಿ ಚುಕ್ಕಿಗೆ ಅವಕಾಶವಿಲ್ಲ.

ಹಾಲಲ್ಲದೆ ಬೇರೆ ಗುರುತುಗಳೂ ಇವೆ. 'ಸಿ' ಎಂದರೆ ಗ್ಯಾಸ್ ಸಿಲಿಂಡರು ಬಂದ ದಿನ. 'ಜ್ವ' ಎಂದರೆ ಮಕ್ಕಳಿಗೆ ಜ್ವರ. ಇಷ್ಟನ್ನು ಬಿಡಿಸಿದೆವು. ಆದರೆ 1992ರಿಂದ 2003ರ ನಡುವೆ, ನಮ್ಮಲ್ಲಿರುವ ಕ್ಯಾಲೆಂಡರುಗಳಲ್ಲಿ, ನಲವತ್ತೊಂದು ದಿನಗಳ ಮೂಲೆಯಲ್ಲಿ ಪೆನ್ಸಿಲಿನಲ್ಲಿ 'ಪ' ಎಂಬ ಒಂದಕ್ಷರವಿದೆ. ಒಂದು ವರ್ಷ ಎರಡು, ಇನ್ನೊಂದು ವರ್ಷ ಏಳು. ಪರೀಕ್ಷೆಯೆಂದು ಮಗಳು ಊಹಿಸಿದಳು. ಬೇಸಿಗೆ ರಜೆಯಲ್ಲೂ ಇವೆ. ಪತ್ರವೆಂದು ನಾನು ಊಹಿಸಿದೆ. ಟ್ರಂಕಿನಲ್ಲಿದ್ದ ಕಾಗದಗಳ ಅಂಚೆಮುದ್ರೆಯೊಡನೆ ತಾಳೆ ಬೀಳಲಿಲ್ಲ. ಹಬ್ಬವಲ್ಲ, ಪೂಜೆಯಲ್ಲ, ಪಕ್ಷಮಾಸವೂ ಅಲ್ಲ. ಹನ್ನೆರಡು ವರ್ಷ ಆ ಗೋಡೆಯ ಎದುರಿಗೇ ಕುಳಿತು ನಾನು ತಿಂಡಿ ತಿಂದಿದ್ದೇನೆ. ಲೆಕ್ಕದ ಹಾಳೆಯಲ್ಲಿ ಆ ಸಾಲಿಗೆ ಏನು ಹೆಸರಿಡಲಿ ಎಂದು ಮೊಮ್ಮಗಳು ಕೇಳಿದಾಗ ಸದ್ಯಕ್ಕೆ 'ಪ' ಎಂದೇ ಇರಲಿ ಎಂದೆ. ನಲವತ್ತೊಂದು ತಾರೀಖುಗಳನ್ನೂ ಬರೆದಿಟ್ಟುಕೊಂಡಿದ್ದೇನೆ. ನಾದಿನಿಯರಲ್ಲಿ, ಹಳೆಯ ನೆರೆಹೊರೆಯವರಲ್ಲಿ, ಮನೆಗೆ ಪಾಠಕ್ಕೆಂದು ಬಂದು ಆಕೆಯ ಕೈಯಲ್ಲಿ ಉಪ್ಪಿಟ್ಟು ತಿಂದ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಏನಾದರೂ ಹೊಳೆದರೆ ದಯವಿಟ್ಟು ತಿಳಿಸಿ, ತಾರೀಖುಗಳನ್ನು ಕಳುಹಿಸಿಕೊಡುತ್ತೇನೆ.